ಓದಿನ ಒತ್ತಡಕ್ಕೆ ಹತ್ತು ನಿಮಿಷದ ಉಪಾಯ ಕೇಳಿದವರಿಗೆ

ಓದಿನ ನಡುವೆ ಹತ್ತೇ ನಿಮಿಷದಲ್ಲಿ ಮನಸ್ಸನ್ನು ಹಗುರ ಮಾಡಿಕೊಳ್ಳುವ ಸುಲಭ ಉಪಾಯಗಳನ್ನು ಕೇಳಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ಪ್ರಶ್ನೆಯ ಕೊನೆಗೆ ನೀವು ಸೇರಿಸಿರುವ ಸಾಲಿನ ಮೇಲೆ: "ನಿದ್ದೆ ನಾಲ್ಕೈದು ಗಂಟೆ ಆಗುತ್ತಿದೆ, ಅದು ಅಭ್ಯಾಸವಾಗಿದೆ." ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಾಗ ಇದೇ ಮಾತನ್ನು ನಾನು ಕೊಠಡಿಯ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ನಮ್ಮದು ಪಾಂಡವಪುರದ ಹತ್ತಿರದ ಒಂದು ಹಳ್ಳಿ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮೂವರು ಸೇರಿ ಒಂದು ಕೊಠಡಿ ಹಿಡಿದಿದ್ದೆವು. ಆ ವರ್ಷ ಕಬ್ಬಿನ ಬಟವಾಡೆ ತಿಂಗಳುಗಟ್ಟಲೆ ತಡವಾಗಿ, ಅಪ್ಪ ಕೈಸಾಲ ಮಾಡಿ ನನ್ನ ಶುಲ್ಕ ಕಟ್ಟಿದ್ದರು. ಒಂದು ವಿಷಯ ಹೋದರೂ ಅವರ ಮುಖ ನೋಡಲಾರೆ ಎಂಬ ಭಯ ನನ್ನನ್ನು ಹಗಲಿರುಳೂ ಕಾಡುತ್ತಿತ್ತು. ಆಗ ನಾನು ಒಂದು ಲೆಕ್ಕ ಹಾಕಿದೆ. ದಿನಕ್ಕೆ ಮೂರು ಗಂಟೆ ನಿದ್ದೆ ಕಡಿಮೆ ಮಾಡಿದರೆ ತಿಂಗಳಿಗೆ 90 ಗಂಟೆ ಸಿಗುತ್ತದೆ, ಅಷ್ಟರಲ್ಲಿ ಗಣಿತದ ಪಠ್ಯವನ್ನು ಎರಡು ಸಲ ಮುಗಿಸಬಹುದು ಎಂಬ ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೆ.

ನನ್ನನ್ನು ಕೆಡಿಸಿದ್ದು ಆ ಹಾಳೆ. ರಾತ್ರಿ ಹತ್ತಕ್ಕೆ ಫ್ಲಾಸ್ಕಿನಿಂದ ಒಂದು ಲೋಟ ಗಟ್ಟಿ ಡಿಕಾಕ್ಷನ್ನಿನ ಕಾಫಿ, ಹನ್ನೆರಡಕ್ಕೆ ಇನ್ನೊಂದು. ನಾವು ಎಚ್ಚರವಾಗಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗುತ್ತ ಹೋಗುತ್ತದೆ, ನಿದ್ದೆ ಎಳೆಯುವುದು ಅದರಿಂದ. ಕಾಫಿಯಲ್ಲಿರುವ ಕೆಫೀನ್ ಆ ರಾಸಾಯನಿಕ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ದಣಿವು ಹಾಗೆಯೇ ಇರುತ್ತದೆ, ಅದರ ಸುದ್ದಿ ಮಾತ್ರ ನಮಗೆ ತಲುಪುವುದಿಲ್ಲ. ಸಾಲದ್ದಕ್ಕೆ, ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಹನ್ನೆರಡರ ಕಾಫಿಯ ಅರ್ಧ ಪಾಲು ಬೆಳಗಿನ ಐದಕ್ಕೂ ನನ್ನೊಳಗೇ ಇರುತ್ತಿತ್ತು. ಎರಡಕ್ಕೆ ಪುಸ್ತಕ ಮುಚ್ಚಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ನಿದ್ದೆ ಬಾರದೆಂದು ಮೊಬೈಲ್ ಹಿಡಿಯುತ್ತಿದ್ದೆ, ಅದನ್ನು ವಿಶ್ರಾಂತಿ ಎಂದು ಕರೆದುಕೊಳ್ಳುತ್ತಿದ್ದೆ, ಮೂರೂವರೆಗೆ ಮಲಗಿ ಏಳಕ್ಕೆ ಏಳುತ್ತಿದ್ದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಓದಲು ಸಮಯ ಬೇಕೆಂದು, ಓದನ್ನು ಉಳಿಸಿಕೊಡುವ ಸಮಯವನ್ನೇ ಕತ್ತರಿಸುತ್ತಿದ್ದೆ.

ಎರಡು ತಿಂಗಳಲ್ಲಿ ಎದೆ ಸುಮ್ಮಸುಮ್ಮನೆ ಡವಗುಟ್ಟತೊಡಗಿತು, ಗೆಳೆಯರ ಮೇಲೆ ಸಿಡುಕುವುದು ಹೆಚ್ಚಾಯಿತು. ಇದು ಒತ್ತಡವೆಂದು ಎಲ್ಲರೂ ಹೇಳಿದರು, ನಾನೂ ನಂಬಿ ನಿಮ್ಮಂತೆಯೇ ಉಪಾಯಗಳನ್ನು ಹುಡುಕಿದೆ. ಯೋಗ ಕಲಿಯಲು ದೇಶವಿದೇಶಗಳಿಂದ ಜನ ಬಂದು ನೆಲೆಸುವ ಗೋಕುಲಂ ನಮ್ಮ ಕೊಠಡಿಯಿಂದ ನಡಿಗೆಯ ದೂರದಲ್ಲಿತ್ತು. ನಾನು ಆ ಕಡೆ ಹೋಗುತ್ತಿದ್ದದ್ದು ಕಾಫಿಪುಡಿ ತರಲು. ಮೆಟ್ಟಿಲು ಹತ್ತಿದರೆ ಮನಸ್ಸು ತಿಳಿಯಾಗುತ್ತದೆಂದು ಗೆಳೆಯನೊಬ್ಬ ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದ. ಇರುವ ಸಾವಿರ ಮೆಟ್ಟಿಲುಗಳಲ್ಲಿ ನಂದಿಯವರೆಗೆ ಹೇಗೋ ಹತ್ತಿದೆ, ಅಲ್ಲಿ ಕಣ್ಣು ಕತ್ತಲೆ ಬಂದು ಕಲ್ಲಿಗೊರಗಿ ಕುಳಿತುಬಿಟ್ಟೆ. ಕಡಲೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬರು ನೀರು ಕೊಟ್ಟು, "ರಾತ್ರಿ ಉಂಡಿಲ್ವೇನಪ್ಪಾ?" ಎಂದು ಕೇಳಿದರು. ಊಟ ಮಾಡಿದ್ದೆ.

ಪರೀಕ್ಷೆಯಲ್ಲಿ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೂರು ಸಲ ಬಿಡಿಸಿ ನೋಡಿದ್ದ ಅವಕಲ ಸಮೀಕರಣವೇ ಬಂದಿತ್ತು; ಪ್ರಶ್ನೆಯನ್ನು ಬರೆದುಕೊಳ್ಳುವಾಗಲೇ ಋಣ ಚಿಹ್ನೆ ಬಿಟ್ಟಿದ್ದೆ, ನಾಲ್ಕು ಪುಟ ತಪ್ಪು ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡಿದ್ದೆ. ಗಣಿತ ಬ್ಯಾಕ್ ಉಳಿಯಿತು.

ಫಲಿತಾಂಶ ಬಂದ ಸಂಜೆ ಊರಿಗೆ ಹೊರಟೆ. ಪ್ಯಾಸೆಂಜರ್ ರೈಲು ಶ್ರೀರಂಗಪಟ್ಟಣದ ಸೇತುವೆ ದಾಟುವ ಸದ್ದು ಕೇಳಿದ್ದು ನೆನಪಿದೆ, ಆಮೇಲೆ ಎಚ್ಚರವಾದದ್ದು ಮಂಡ್ಯದಲ್ಲಿ. ಪಾಂಡವಪುರದ ನಿಲ್ದಾಣದಲ್ಲಿ ಟಿವಿಎಸ್ ನಿಲ್ಲಿಸಿಕೊಂಡು ಕಾಯುತ್ತಿದ್ದ ಅಪ್ಪ, ಮೈಸೂರು ಕಡೆಯ ಗಾಡಿ ಹಿಡಿದು ನಾನು ಮರಳಿ ಬರುವವರೆಗೂ ಅಲ್ಲೇ ಇದ್ದರು. ನಾಪಾಸಾದ ಸುದ್ದಿಯನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ಅದೆಷ್ಟ್ ದಿನ ಆಯ್ತ್ಲಾ ಮಗ, ನೀನು ನೆಟ್ಟಗೆ ನಿದ್ದೆ ಮಾಡಿ?" ಎಂದರು. ಅಂಕಗಳ ಮಾತು ಮರುದಿನ ಮಧ್ಯಾಹ್ನ, ನಾನು ಎದ್ದ ಮೇಲೆ ಬಂತು.

ಹೀಗಾಗಿ ಹತ್ತು ನಿಮಿಷದ ಉಪಾಯಗಳ ಪಟ್ಟಿಯನ್ನು ನಿಮಗೆ ಕೊಡಲು ನನಗೆ ಮನಸ್ಸಿಲ್ಲ. 18 ದಾಟಿದವರಿಗೂ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು, ಅಭ್ಯಾಸವಾಗಿದೆ ಎನ್ನುವುದು ಕೆಫೀನ್ ಆಡಿಸುವ ಮಾತು. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ತಗ್ಗುವುದು ನಿಜ, ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಾನೂ ಅದನ್ನು ಮಾಡಿದ್ದೇನೆ. ಆದರೆ ಅದು ನಿದ್ದೆಯ ಸಾಲವನ್ನು ತೀರಿಸುವುದಿಲ್ಲ. ಸಂಗೀತ, ಬಣ್ಣ ತುಂಬುವ ಪುಸ್ತಕ ಮೊದಲಾದವುಗಳ ಬಗ್ಗೆ ನನಗೆ ತಕರಾರೂ ಇಲ್ಲ, ನಂಬಿಕೆಯೂ ಇಲ್ಲ. ನಿದ್ದೆ ಸರಿಹೋದ ಮೇಲೆ ನನಗೆ ನಿಜವಾಗಿ ಹಿಡಿಸಿದ್ದು ಕುಕ್ಕರಹಳ್ಳಿ ಕೆರೆಯ ಸಂಜೆಯ ಸುತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆ ಕೆರೆಯ ಏರಿಯ ಮೇಲೆ, ಮೊಬೈಲನ್ನು ಕೊಠಡಿಯಲ್ಲಿ ಬಿಟ್ಟು ನಡೆಯುತ್ತಿದ್ದೆ. ಹೆಜ್ಜಾರ್ಲೆಗಳು ಭಾರವಾದ ಮೈಯನ್ನು ನೀರಿಗಿಳಿಸುವುದನ್ನು ನೋಡುತ್ತ ನಿಂತರೆ ಗಣಿತ ತಾನಾಗಿ ಮರೆಯುತ್ತಿತ್ತು.

ಏಳೆಂಟು ಗಂಟೆ ಮಲಗಿಯೂ ಎರಡು ವಾರ ಮನಸ್ಸು ಕುಗ್ಗಿಯೇ ಇದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯದೆ, 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇಂಟರ್ನಲ್ಸ್‌ಗೆ ಇನ್ನೂ ಹನ್ನೆರಡು ದಿನವಿದೆ ಎಂದು ಬರೆದಿದ್ದೀರಿ. ಕಾಫಿಯನ್ನು ಪೂರ್ತಿ ಬಿಡಬೇಕಾಗಿಲ್ಲ, ಮಧ್ಯಾಹ್ನ ಎರಡರ ನಂತರ ಕುಡಿಯಬೇಡಿ. ಇಂದು ಹನ್ನೊಂದಕ್ಕೆ ದೀಪ ಆರಿಸಿ. ಮೊದಲೆರಡು ದಿನ ತಲೆ ನೋಯಬಹುದು, ತರಗತಿಯಲ್ಲಿ ತೂಕಡಿಕೆ ಬರಬಹುದು. ಅದಕ್ಕೆ ಹೆದರಿ ಮತ್ತೆ ಫ್ಲಾಸ್ಕ್ ತುಂಬಿಸಿಕೊಳ್ಳಬೇಡಿ, ನಾನು ಒಮ್ಮೆ ಹಾಗೆ ಮಾಡಿ ಇನ್ನೊಂದು ವಾರ ಕಳೆದುಕೊಂಡೆ.