ಬೆಳಗ್ಗೆ ಕಂಡ ಗಾಯವನ್ನು ಬೆಳಗ್ಗೆಯೇ ಬರೆದಿಡಿ

ಓದುಗರ ಪತ್ರ: ಮನೆಯಲ್ಲೇ ಐದು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಈಚೆಗೆ ಎರಡು ವರ್ಷದ ಮಗುವಿನ ತೋಳಿನ ಮೇಲೆ ನೀಲಿಗಟ್ಟಿದ ಗುರುತು ಕಂಡ ತಾಯಿ, ನಾನೇ ಹೊಡೆದೆನೆಂದು ಉಳಿದ ಪೋಷಕರಿಗೆಲ್ಲ ಫೋನ್ ಮಾಡಿದರು. ಹಿಂದಿನ ರಾತ್ರಿ ಮಗು ಅವರ ಮನೆಯಲ್ಲೇ ಮಂಚದಿಂದ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಆದರೂ ನನ್ನ ಹೆದರಿಕೆ ಹೋಗಿಲ್ಲ. ಕ್ಯಾಮೆರಾ ಹಾಕಿಸಲೇ? ದೂರು ಕೊಡುವುದಿಲ್ಲವೆಂದು ಪೋಷಕರಿಂದ ಬರೆಸಿಕೊಳ್ಳಲೇ?

ಸಂಪಾದಕರ ಉತ್ತರ:

ಬರೆಸಿಕೊಳ್ಳುವುದು ಖಂಡಿತ ಬೇಡ. ಆ ಕಾಗದ ನಿಮ್ಮನ್ನು ಕಾಪಾಡುವುದಿಲ್ಲ. ಅದನ್ನು ಓದಿದ ಯಾರಿಗೇ ಆಗಲಿ, ಇವರಿಗೆ ದೂರಿನ ಭಯ ಏಕೆ ಎಂಬ ಅನುಮಾನವೇ ಮೊದಲು ಹುಟ್ಟುತ್ತದೆ.

ನಿಮಗೆ ಬೇಕಿದ್ದುದು ಬೆಳಗಿನ ಎರಡು ನಿಮಿಷ. ಪೋಷಕರು ಇನ್ನೂ ಬಾಗಿಲಲ್ಲಿರುವಾಗಲೇ ಮಗುವಿನ ಮುಖ, ಕಿವಿಯ ಹಿಂಭಾಗ, ಕತ್ತು, ಕೈಕಾಲು ನೋಡಿ, ಕಂಡದ್ದನ್ನು ಬರೆದು ಅವರ ಸಹಿ ಪಡೆಯಿರಿ. ಬರಹ ಹೀಗಿರಲಿ: ‘ಬೆಳಗ್ಗೆ 8.40. ಎಡತೋಳಿನ ಹೊರಬದಿ, ಮೊಳಕೈಗಿಂತ ಎರಡು ಬೆರಳು ಮೇಲೆ, ಸುಮಾರು 2 ಸೆಂ.ಮೀ. ನೀಲಿ ಗುರುತು. ರಾತ್ರಿ ಮಂಚದಿಂದ ಬಿದ್ದಿತೆಂದು ತಂದೆ ಹೇಳಿದರು.’ ಇಷ್ಟೇ ಸಾಕು. ‘ಹಳೇ ಗಾಯ’ ಎಂದು ಬರೆಯಬೇಡಿ. ಬಣ್ಣ ನೋಡಿ ಗಾಯದ ವಯಸ್ಸನ್ನು ವೈದ್ಯರೂ ಖಚಿತವಾಗಿ ಹೇಳಲಾರರು. ಮೊದಲ ಡೈಪರ್ ಬದಲಿಸುವಾಗ ಬೆನ್ನಲ್ಲೋ ತೊಡೆಯಲ್ಲೋ ಏನಾದರೂ ಕಂಡರೆ ಅದನ್ನೂ ಆಗಲೇ ಬರೆದು, ಪೋಷಕರಿಗೆ ತಿಳಿಸಿ.

ಹೊಲಿದ ಬೈಂಡಿನ, ಪುಟಸಂಖ್ಯೆ ಇರುವ ಪುಸ್ತಕವೇ ಬೇಕು. ಬಿಡಿ ಹಾಳೆಗಳನ್ನು ಯಾವಾಗ ಸೇರಿಸಿದಿರಿ ಎಂಬ ಪ್ರಶ್ನೆ ಏಳುತ್ತದೆ. ಪೆನ್ನಿನಲ್ಲೇ ಬರೆಯಿರಿ, ಸಾಲು ಖಾಲಿ ಬಿಡಬೇಡಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ನಿಮ್ಮಲ್ಲಿ ಮಗು ಬಿದ್ದರೆ, ಇನ್ನೊಂದು ಮಗು ಕಚ್ಚಿದರೆ, ಆ ಕ್ಷಣ ನೀವು ಅಡುಗೆಮನೆಯಲ್ಲಿದ್ದರೆ ಅದನ್ನೂ ಇದ್ದ ಹಾಗೆಯೇ ಬರೆದು, ಒಂದು ಪ್ರತಿಯನ್ನು ಅದೇ ಸಂಜೆ ಪೋಷಕರ ಕೈಗೆ ಕೊಡಿ. ನಿಮಗೆ ಅನನುಕೂಲವಾದದ್ದನ್ನೂ ಬರೆದಿಟ್ಟ ಪುಸ್ತಕವನ್ನೇ ತನಿಖೆ ಮಾಡುವವರು ನಂಬುವುದು.

ಗಾಯಗಳ ಬಗ್ಗೆ ತಿಳಿವಳಿಕೆಯೂ ಇರಬೇಕು. ಓಡಾಡುವ ಮಕ್ಕಳಿಗೆ ಮೊಣಕಾಲು, ಹಣೆಯಲ್ಲಿ ಪೆಟ್ಟಾಗುವುದು ಸಾಮಾನ್ಯ. ಕಿವಿ, ಕತ್ತು, ಎದೆ, ಹೊಟ್ಟೆ, ಬೆನ್ನು, ಪೃಷ್ಠದ ಮೇಲಿನ ನೀಲಿಗುರುತು ಹಾಗಲ್ಲ. ನಾಲ್ಕು ತಿಂಗಳೊಳಗಿನ ಕೂಸಿನ ಮೈಮೇಲೆ ಎಲ್ಲೇ ಕಂಡರೂ ವೈದ್ಯರು ನೋಡಲೇಬೇಕು. ಕೆಲವು ಮಕ್ಕಳಿಗೆ ಸೊಂಟದ ಕೆಳಗೆ ಹುಟ್ಟಿನಿಂದಲೇ ಬೂದು ನೀಲಿ ಮಚ್ಚೆ ಇರುತ್ತದೆ. ಪೆಟ್ಟೆಂದು ತಪ್ಪು ತಿಳಿಯುವುದು ಬಲು ಸುಲಭ. ಸೇರಿಸಿಕೊಳ್ಳುವ ದಿನವೇ ಅದನ್ನು ದಾಖಲಿಸಿ, ವೈದ್ಯರ ಚೀಟಿ ಇಟ್ಟುಕೊಳ್ಳಿ. ಮಗುವನ್ನು ಕೈಹಿಡಿದು ಎತ್ತಬೇಡಿ, ತೂಗಾಡಿಸಬೇಡಿ. ಒಂದೇ ಎಳೆತಕ್ಕೆ ಮೊಳಕೈ ಕೀಲು ಜಾರಿ ಕೈ ಜೋತುಬೀಳಬಹುದು. ಕಂಕುಳಿಗೆ ಕೈಕೊಟ್ಟೇ ಎತ್ತಿ.

ಕ್ಯಾಮೆರಾ ಆಗಬಹುದು, ಆದರೆ ಪುಸ್ತಕದ ಬದಲಿಗಲ್ಲ. 2 ಸೆಂ.ಮೀ. ಗುರುತು ಅದರಲ್ಲಿ ಕಾಣುವುದೇ ಅನುಮಾನ. ಆಡುವ, ಮಲಗುವ ಕೋಣೆಗಳಿಗೆ ಮಾತ್ರ ಹಾಕಿಸಿ. ಬಚ್ಚಲಲ್ಲಿ, ಡೈಪರ್ ಬದಲಿಸುವ ಜಾಗದಲ್ಲಿ ಬೇಡವೇ ಬೇಡ. ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಿತವಾಗುತ್ತ ಹೋಗುವುದರಿಂದ, ಆರೋಪ ಬಂದ ದಿನವೇ ಪ್ರತಿ ತೆಗೆದಿಡಿ. ಮನೆಯವರಾಗಲಿ ನೆಂಟರಾಗಲಿ ಮಕ್ಕಳೊಂದಿಗೆ ಒಬ್ಬರೇ ಇರಬಾರದು. ಬಂದುಹೋದವರ ಹೆಸರು, ಹೊತ್ತು ಪುಸ್ತಕದಲ್ಲಿರಲಿ.

ಇಷ್ಟಾಗಿಯೂ ಆರೋಪ ಬಂದರೆ? ಮಗುವನ್ನು ಮಾತ್ರ ಪ್ರಶ್ನಿಸಬೇಡಿ. ‘ನಾನು ಹೊಡೆದೆನಾ ಪುಟ್ಟ?’ ಎಂಬ ಒಂದೇ ಪ್ರಶ್ನೆ ಮಗುವಿನ ನೆನಪನ್ನು ಕಲಕಬಹುದು. ಮಗುವಿನ ಬಾಯಿಗೆ ಮಾತು ತುರುಕಿದಿರಿ ಎಂಬ ಹೊಸ ದೂರಿಗೂ ದಾರಿಯಾದೀತು. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುಶಾಲೆಯ ಮೇಲೆ ಆರೋಪ ಬಂದಾಗ ಮಕ್ಕಳನ್ನು ಉತ್ತರ ಸೂಚಿಸುವಂಥ ಪ್ರಶ್ನೆಗಳಿಂದಲೇ ಕೆದಕಲಾಯಿತು. 1990ರಲ್ಲಿ ಮೊಕದ್ದಮೆ ಮುಗಿದಾಗ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಆದರೆ ಅಷ್ಟರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರ ಬದುಕು ಹಾಳಾಗಿತ್ತು.

ದೂರಿತ್ತ ತಾಯಿಯ ಜೊತೆ ಜಗಳಕ್ಕಿಳಿಯಬೇಡಿ. ಗಾಬರಿಗೊಂಡ ತಾಯಿ ಕೇಳುವುದು ಸಹಜ, ಕೇಳಲೂಬೇಕು. ವಕೀಲರನ್ನು ಕಾಣಿ, ವಿಮೆ ಇದ್ದರೆ ಕಂಪನಿಗೆ ಕೂಡಲೇ ಲಿಖಿತವಾಗಿ ತಿಳಿಸಿ. ತನಿಖೆಗೆ ಬಂದವರಿಗೆ ಪುಸ್ತಕ ತೋರಿಸಿ. ಪ್ರತಿ ಕೊಡಿ, ಮೂಲವನ್ನೇ ಕೇಳಿದರೆ ರಸೀದಿ ಪಡೆದು ಕೊಡಿ. ಹಳೆಯ ಪುಟಕ್ಕೆ ಒಂದು ಅಕ್ಷರವನ್ನೂ ಸೇರಿಸಬೇಡಿ. ಉಳಿದ ಪೋಷಕರು ಕೇಳಿದರೆ, ‘ವಿಚಾರಣೆ ನಡೆಯುತ್ತಿದೆ, ಸಹಕರಿಸುತ್ತಿದ್ದೇನೆ, ಮಗುವಿನ ವಿಷಯವಾದ್ದರಿಂದ ಹೆಚ್ಚು ಹೇಳಲಾರೆ’ ಎಂದಷ್ಟೇ ಹೇಳಿ. ಎಲ್ಲರಿಗೂ ಅದೇ ಮಾತು.

ಆರೋಪ ಸಾಬೀತಾಗಲಿಲ್ಲವೆಂದಾದರೆ ಬಾಯಿಮಾತಿಗೆ ತೃಪ್ತರಾಗದೆ, ಪ್ರಕರಣ ಮುಗಿದಿದೆ ಎಂಬ ಪತ್ರವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮುಂದೆ ಹೊಸ ಪೋಷಕರು ವಿಚಾರಿಸಿದಾಗ ತೋರಿಸಲು ನಿಮ್ಮ ಬಳಿ ಇರಬೇಕಾದದ್ದು ಆ ಪತ್ರ.