ಓದುಗರ ಪ್ರಶ್ನೆ, ನಮ್ಮ ಉತ್ತರ: ಸೂಪರ್‌ಹೀರೋ ಸಿನಿಮಾ ಮತ್ತು ಅಂಕಗಳ ಲೆಕ್ಕ

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದ ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದೇನೆ. ಹೋದ ವಾರ ಗೆಳೆಯರೆಲ್ಲ ಕೂಡಿ ‘ವೆನಮ್’ ಎಂಬ ಸೂಪರ್‌ಹೀರೋ ಸಿನಿಮಾ ನೋಡಿದೆವು, ಎಲ್ಲರಿಗೂ ಸೇರಿತು. ಆಮೇಲೆ ಹುಡುಕಿದರೆ ರಾಟನ್ ಟೊಮ್ಯಾಟೋಸ್ ತಾಣದಲ್ಲಿ ವಿಮರ್ಶಕರ ಅಂಕ ಶೇ. 30, ಪ್ರೇಕ್ಷಕರ ಅಂಕ ಶೇ. 80, ಐಎಂಡಿಬಿ ಎಂಬ ಇನ್ನೊಂದು ತಾಣದಲ್ಲಿ ಹತ್ತಕ್ಕೆ 6.6 ಎಂದಿದೆ. ಇವುಗಳಲ್ಲಿ ಯಾವುದು ಖರೆ?
– ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೂರೂ ಖರೆ, ಏಕೆಂದರೆ ಮೂರೂ ಕಡೆ ಕೇಳಿದ ಪ್ರಶ್ನೆಗಳೇ ಬೇರೆ ಬೇರೆ. ಶೇ. 30 ಎಂಬುದು ಸಿನಿಮಾಕ್ಕೆ ನೂರಕ್ಕೆ ಮೂವತ್ತು ಅಂಕ ಬಂದಿದೆ ಎಂಬ ಅರ್ಥದ್ದಲ್ಲ. ನೂರು ವಿಮರ್ಶಕರಲ್ಲಿ ಮೂವತ್ತು ಮಂದಿ ಮಾತ್ರ ‘ನೋಡಬಹುದು’ ಎಂದಿದ್ದಾರೆ ಎಂದಷ್ಟೇ ಅದರ ಅರ್ಥ. ಆ ಮೂವತ್ತು ಮಂದಿ ಎಷ್ಟು ಮೆಚ್ಚಿದರು, ಉಳಿದ ಎಪ್ಪತ್ತು ಮಂದಿ ಎಷ್ಟು ಬೇಸರಪಟ್ಟರು ಎಂಬುದನ್ನು ಅದು ಹೇಳುವುದಿಲ್ಲ. ಶೇ. 60 ಅಥವಾ ಅದಕ್ಕಿಂತ ಹೆಚ್ಚಾದರೆ ಕೆಂಪು ಟೊಮ್ಯಾಟೋ, ಅದಕ್ಕಿಂತ ಕೆಳಗಾದರೆ ಕೊಳೆತದ್ದು. 1998ರಲ್ಲಿ ಹುಟ್ಟಿದ ಆ ತಾಣದ ಪದ್ಧತಿ ಇದು. ಅದೇ ಪುಟದ ಪ್ರೇಕ್ಷಕರ ಅಂಕವೂ ಶೇಕಡಾವಾರೇ ಆದರೂ ಅದರ ಗೆರೆ ಬೇರೆ ಕಡೆ ಇದೆ: ಐದು ನಕ್ಷತ್ರಗಳಲ್ಲಿ ಮೂರೂವರೆ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರನ್ನು ಮಾತ್ರ ಮೆಚ್ಚಿದವರೆಂದು ಎಣಿಸುತ್ತಾರೆ. ಐಎಂಡಿಬಿಯದು ಇನ್ನೊಂದು ದಾರಿ. ಅಲ್ಲಿ ನೋಂದಾಯಿಸಿಕೊಂಡವರು ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಎಲ್ಲ ಮತಗಳನ್ನೂ ಒಂದೇ ಸಮ ಎಣಿಸದೆ, ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ.

ಇದನ್ನು ನಿಮ್ಮ ಹಾಸ್ಟೆಲ್‌ನಲ್ಲೇ ಲೆಕ್ಕ ಮಾಡಿ ನೋಡಬಹುದು. ಹತ್ತು ಮಂದಿ ಗೆಳೆಯರು ಒಂದು ಸಿನಿಮಾ ನೋಡಿ, ಹತ್ತು ಮಂದಿಯೂ ‘ಅಡ್ಡಿಯಿಲ್ಲ’ ಎನ್ನುತ್ತ ಐದಕ್ಕೆ ಮೂರು, ಅಂದರೆ ಹತ್ತಕ್ಕೆ ಆರು ಅಂಕ ಕೊಟ್ಟರು ಎಂದುಕೊಳ್ಳಿ. ಸರಾಸರಿ 6. ‘ನೋಡಬಹುದೇ’ ಎಂದು ಕೇಳಿ ಎಣಿಸಿದರೆ ಶೇ. 100. ಮೂರೂವರೆ ನಕ್ಷತ್ರದ ಗೆರೆ ಹಾಕಿ ಎಣಿಸಿದರೆ ಸೊನ್ನೆ! ಇನ್ನೊಂದು ಸಿನಿಮಾವನ್ನು ಆರು ಮಂದಿ ತಲೆಯ ಮೇಲೆ ಹೊತ್ತುಕೊಂಡು ಹತ್ತಕ್ಕೆ ಹತ್ತು ಕೊಟ್ಟು, ನಾಲ್ವರು ಸಿಟ್ಟಿನಿಂದ ಒಂದೊಂದೇ ಅಂಕ ಕೊಟ್ಟರೆ, ಶೇಕಡಾವಾರು 60ಕ್ಕೆ ಇಳಿಯುತ್ತದೆ. ಸರಾಸರಿ ಮಾತ್ರ 6.4 ಆಗಿ ಮೊದಲ ಸಿನಿಮಾಕ್ಕಿಂತ ಮೇಲೇರುತ್ತದೆ. ಜನರೂ ಅವರೇ, ಅಭಿಪ್ರಾಯಗಳೂ ಅವೇ. ಎಣಿಸುವ ಕೈ ಬದಲಾದಂತೆ ಫಲಿತಾಂಶ ಬದಲಾಗುತ್ತದೆ. ಆದ್ದರಿಂದ ಯಾವ ಅಂಕವನ್ನು ಕಂಡರೂ ಇದು ಎಷ್ಟು ಜನ ಮೆಚ್ಚಿದರು ಎಂಬುದರ ಲೆಕ್ಕವೋ, ಎಷ್ಟು ಮೆಚ್ಚಿದರು ಎಂಬುದರ ಲೆಕ್ಕವೋ ಎಂದು ಮೊದಲು ಕೇಳಿಕೊಳ್ಳಿ. ವಿಮರ್ಶಕರು ಎಷ್ಟು ಮೆಚ್ಚಿದರು ಎಂಬುದನ್ನೇ ತಿಳಿಯಬೇಕಾದರೆ ಮೆಟಾಕ್ರಿಟಿಕ್ ಎಂಬ ತಾಣವಿದೆ. ಅದು ವಿಮರ್ಶೆಗಳನ್ನು ನೂರರ ಅಳತೆಗೆ ತಂದು ಸರಾಸರಿ ತೆಗೆಯುತ್ತದೆ. ‘ವೆನಮ್’ಗೆ ಅಲ್ಲಿ ಸಿಕ್ಕಿದ್ದು 35.

ವಿಮರ್ಶಕರಿಗೂ ನಿಮಗೂ ಇಷ್ಟು ಅಂತರ ಏಕೆ ಎಂಬುದು ನಿಮ್ಮ ಮನಸ್ಸಿನಲ್ಲಿರುವ ಇನ್ನೊಂದು ಪ್ರಶ್ನೆ ಎಂದು ಭಾವಿಸುತ್ತೇನೆ. ವಿಮರ್ಶಕ ಆ ವಾರ ಬಂದ ಸಿನಿಮಾಗಳನ್ನೆಲ್ಲ ಕೆಲಸವೆಂದು ನೋಡುತ್ತಾನೆ. ಹತ್ತು ವರ್ಷಗಳಲ್ಲಿ ಅದೇ ಬಗೆಯ ಕಥೆಯನ್ನು ಐವತ್ತು ಸಲ ನೋಡಿದವನಿಗೆ ಐವತ್ತೊಂದನೆಯದರ ಹಳತನ ಬೇಗ ಕಣ್ಣಿಗೆ ಬೀಳುತ್ತದೆ. ಪ್ರೇಕ್ಷಕನಾದರೋ ತನಗೆ ಸೇರಬಹುದು ಎನಿಸಿದ್ದಕ್ಕೆ ಮಾತ್ರ ದುಡ್ಡು ಕೊಟ್ಟು ಹೋಗುತ್ತಾನೆ, ಹೀಗಾಗಿ ಅವನ ಅಂಕದಲ್ಲಿ ಆ ಆಯ್ಕೆಯೂ ಮೊದಲೇ ಸೇರಿಕೊಂಡಿರುತ್ತದೆ. 2018ರಲ್ಲಿ ‘ವೆನಮ್’ ಜಗತ್ತಿನಾದ್ಯಂತ 85 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅದರಿಂದ ವಿಮರ್ಶಕರು ತಪ್ಪಿದರು ಎಂದಾಗುವುದಿಲ್ಲ, ನಿಮಗೆ ಅಭಿರುಚಿ ಇಲ್ಲ ಎಂದೂ ಆಗುವುದಿಲ್ಲ. ನಿಮಗೆ ಸೇರಿದ ಸಿನಿಮಾವನ್ನು ಸೇರಿತು ಎಂದು ಹೇಳಲು ಸಂಕೋಚಪಡಬೇಡಿ. ಆದರೆ ಆ ಎಪ್ಪತ್ತು ಮಂದಿಯಲ್ಲಿ ಒಬ್ಬಿಬ್ಬರ ಬರಹವನ್ನಾದರೂ ಪೂರ್ತಿ ಓದಿ, ಅಂಕದಲ್ಲಿ ಕಾಣದ ಕಾರಣಗಳು ಅಲ್ಲಿರುತ್ತವೆ.

ಪ್ರಶ್ನೆ: ಮೊಮ್ಮಗನ ಒತ್ತಾಯಕ್ಕೆ ಇಂಥ ಒಂದು ಸಿನಿಮಾಕ್ಕೆ ಹೋಗಿದ್ದೆ. ಸಿಳ್ಳೆ, ಕೂಗು, ಚಪ್ಪಾಳೆಗಳ ನಡುವೆ ಅರ್ಧ ಮಾತು ಕೇಳಿಸಲೇ ಇಲ್ಲ. ಈ ಗದ್ದಲವನ್ನು ಸಿನಿಮಾ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ ಎಂದು ಎಣಿಸಬೇಕೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ತಮ್ಮ ಪ್ರಶ್ನೆ ಓದಿದಾಗ ನನಗೆ ನಮ್ಮ ಭಾಗದ ಕಂಪನಿ ನಾಟಕಗಳೇ ನೆನಪಾದವು. ಗದುಗಿನ ಗರುಡ ಸದಾಶಿವರಾಯರ ಮಂಡಳಿಯಂಥ ಕಂಪನಿಗಳು ಊರೂರು ತಿರುಗಿದ ನಾಡು ಇದು. ಹಾಡು ಹಿಡಿಸಿದರೆ ಜನ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರು, ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕಾಗುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಆ ಕೂಗು ನಟನಿಗೆ ನೇರವಾಗಿ ತಲುಪುತ್ತಿತ್ತು. ತೆರೆಯ ಮೇಲಿನ ನಟನಿಗೆ ಸಿಳ್ಳೆ ಕೇಳಿಸುವುದಿಲ್ಲ. ಆದರೂ ಜನ ಹೊಡೆಯುತ್ತಾರೆ, ಏಕೆಂದರೆ ಅದು ನಟನಿಗಿಂತ ಹೆಚ್ಚಾಗಿ ಪಕ್ಕದವನಿಗೆ ಹೇಳುವ ಮಾತು.

2019ರ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದಲ್ಲಿ ಕ್ಯಾಪ್ಟನ್ ಅಮೆರಿಕ ಎಂಬ ವೀರ ಇನ್ನೊಬ್ಬ ವೀರ ಥಾರ್‌ನ ಸುತ್ತಿಗೆಯನ್ನು ಎತ್ತುವ ಗಳಿಗೆಯನ್ನು ನೋಡಿ. ಅರ್ಹನಾದವನು ಮಾತ್ರ ಅದನ್ನು ಎತ್ತಬಲ್ಲ ಎಂಬ ಮಾತು ಹಿಂದಿನ ಚಿತ್ರಗಳಲ್ಲೇ ಬಂದಿತ್ತು. ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಆ ಮಾತಿಗೆ ಉತ್ತರ ಸಿಕ್ಕಿತೆಂಬ ಸಂತೋಷ ಚಪ್ಪಾಳೆಯಾಗಿ ಹೊಮ್ಮಿತು. ಆ ಹಿಂದಿನ ಕಥೆ ತಿಳಿಯದೆ ಪಕ್ಕದಲ್ಲಿ ಕುಳಿತವರಿಗೆ ಅದು ಬರಿಯ ಗದ್ದಲವಾಗಿ ಕೇಳಿಸಿದ್ದು ಸಹಜ. ಮೊಮ್ಮಗ ಚಪ್ಪಾಳೆ ತಟ್ಟಿದ್ದು ಆ ಒಂದು ದೃಶ್ಯಕ್ಕಲ್ಲ, ಮೊದಲು ನೋಡಿದ ಹತ್ತಾರು ಸಿನಿಮಾಗಳ ನೆನಪಿಗೆ.

ಇಷ್ಟಾದರೂ ಗದ್ದಲವನ್ನು ಗುಣದ ಸಾಕ್ಷಿ ಎಂದು ಎಣಿಸುವಂತಿಲ್ಲ. ಮೊದಲ ದಿನ ಬರುವವರು ಮೆಚ್ಚಬೇಕೆಂದೇ ಬಂದವರು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ನಾಲ್ಕು ದಶಕಗಳಿಂದ ಮೊದಲ ರಾತ್ರಿಯ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ‘ಎ ಪ್ಲಸ್’ನಿಂದ ‘ಎಫ್’ವರೆಗೆ ಶ್ರೇಣಿ ಕೇಳುತ್ತ ಬಂದಿದೆ. ಮೊದಲ ರಾತ್ರಿಯವರೇ ಉದಾರಿಗಳಾದ್ದರಿಂದ ಅಲ್ಲಿ ‘ಬಿ’ ಬಂದರೂ ಅದು ಅಪಾಯದ ಗಂಟೆ. 2012ರ ‘ಅವೆಂಜರ್ಸ್’ ಮತ್ತು 2018ರ ‘ಬ್ಲ್ಯಾಕ್ ಪ್ಯಾಂಥರ್’ ‘ಎ ಪ್ಲಸ್’ ಪಡೆದವು, ‘ಎಂಡ್‌ಗೇಮ್’ ಕೂಡ. 2016ರಲ್ಲಿ ಬ್ಯಾಟ್‌ಮನ್ ಮತ್ತು ಸೂಪರ್‌ಮ್ಯಾನ್ ಎದುರುಬದುರಾದ ಚಿತ್ರಕ್ಕೆ ಬಂದದ್ದು ‘ಬಿ’. ಅಮೆರಿಕದಲ್ಲಿ ಮೊದಲ ವಾರಾಂತ್ಯ 16 ಕೋಟಿ 60 ಲಕ್ಷ ಡಾಲರ್ ಗಳಿಸಿದ ಅದು ಮರುವಾರಾಂತ್ಯಕ್ಕೆ 5 ಕೋಟಿ ಚಿಲ್ಲರೆಗೆ ಕುಸಿಯಿತು. 2024ರಲ್ಲಿ ‘ಜೋಕರ್’ನ ಎರಡನೆಯ ಭಾಗಕ್ಕೆ ‘ಡಿ’ ಬಂತು, ಮರುವಾರಾಂತ್ಯ ಗಳಿಕೆ ಶೇ. 80ಕ್ಕೂ ಹೆಚ್ಚು ಇಳಿಯಿತು. ಎಷ್ಟು ದೊಡ್ಡ ಸಿಳ್ಳೆಯಾದರೂ ಎರಡನೆಯ ವಾರದ ಖಾಲಿ ಕುರ್ಚಿಯನ್ನು ತುಂಬಲಾರದು. ನಮ್ಮಲ್ಲಿ ಚೀಟಿ ಕೊಡುವವರಿಲ್ಲ. ಆದರೆ ಆಟ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತರೆ ‘ರೊಕ್ಕ ವಸೂಲ್ ಆತು ನೋಡ್ರಿ’ ಎಂಬುದೋ, ‘ಸುಮ್ನ ಬಂದ್ವಿ’ ಎಂಬುದೋ ಕಿವಿಗೆ ಬಿದ್ದೇ ಬೀಳುತ್ತದೆ. ನಾನು ಸಿಳ್ಳೆಗಿಂತ ಆ ಮಾತನ್ನು ಹೆಚ್ಚು ನಂಬುತ್ತೇನೆ.

ಪ್ರಶ್ನೆ: ಸಿನಿಮಾ ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ, ಅಷ್ಟರಲ್ಲಿ ಸಾವಿರಾರು ಜನ ಕೆಟ್ಟದಾಗಿದೆ ಎಂದು ಬರೆದಿರುತ್ತಾರೆ. ಇದನ್ನು ತಡೆಯುವವರು ಯಾರೂ ಇಲ್ಲವೇ?
– ಮೊಬೈಲ್ ಅಂಗಡಿಯವರು, ಬೆಟಗೇರಿ

ಉತ್ತರ: ತಡೆಯುವ ಪ್ರಯತ್ನಗಳು ನಡೆದಿವೆ, ಮುಖ್ಯವಾದದ್ದು ನಡೆದದ್ದು ಒಂದು ಸೂಪರ್‌ಹೀರೋ ಸಿನಿಮಾದ ಸಂದರ್ಭದಲ್ಲೇ. 2019ರ ಮಾರ್ಚ್‌ನಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಬಿಡುಗಡೆಗೆ ಸಿದ್ಧವಾಗಿತ್ತು. ಸ್ತ್ರೀಯೊಬ್ಬಳು ನಾಯಕಿಯಾಗಿರುವುದನ್ನೂ, ಆ ನಟಿ ಆಡಿದ ಮಾತುಗಳನ್ನೂ ಸಹಿಸದವರು ಅನೇಕರು ನೋಡದೇ ಇರುವ ಸಿನಿಮಾದ ಮೇಲೆ ಮುಗಿಬಿದ್ದರು. ಆಗ ರಾಟನ್ ಟೊಮ್ಯಾಟೋಸ್ ಬಿಡುಗಡೆಗೆ ಮುಂಚೆ ಟಿಪ್ಪಣಿ ಬರೆಯುವ ಅವಕಾಶವನ್ನೇ ತೆಗೆದುಹಾಕಿತು. ಅದೇ ವರ್ಷ ಟಿಕೆಟ್ ಕೊಂಡದ್ದು ಖಚಿತವಾದವರ ಅಂಕವನ್ನು ಪ್ರತ್ಯೇಕವಾಗಿ ತೋರಿಸುವ ಏರ್ಪಾಡನ್ನೂ ಮಾಡಿತು. ಆ ಚಿತ್ರ ಸಿನಿಮಾಸ್ಕೋರ್‌ನಲ್ಲಿ ‘ಎ’ ಪಡೆದು, ನೂರು ಕೋಟಿ ಡಾಲರ್ ದಾಟಿತು. ಐಎಂಡಿಬಿಯೂ ಅಸಹಜ ಮತದಾನ ಕಂಡಾಗ ಪುಟದಲ್ಲಿ ಹಾಗೆಂದು ಸೂಚನೆ ಹಾಕುತ್ತದೆ.

ಕೆಡಿಸುವುದಕ್ಕೆ ದ್ವೇಷವೇ ಬೇಕೆಂದಿಲ್ಲ, ಪ್ರೀತಿಯೂ ಸಾಕು. 2008ರ ಜುಲೈನಲ್ಲಿ ಬ್ಯಾಟ್‌ಮನ್ ಚಿತ್ರ ‘ದಿ ಡಾರ್ಕ್ ನೈಟ್’ ಐಎಂಡಿಬಿಯ ಹೆಚ್ಚು ಅಂಕದ ಚಿತ್ರಗಳ ಪಟ್ಟಿಯಲ್ಲಿ ‘ದಿ ಗಾಡ್‌ಫಾದರ್’ ಚಿತ್ರವನ್ನು ಹಿಂದಿಕ್ಕಿ ಕೆಲಕಾಲ ಮೊದಲ ಸ್ಥಾನಕ್ಕೇರಿತ್ತು. ಅದಕ್ಕಾಗಿ ಕೆಲವು ಅಭಿಮಾನಿಗಳು ಹಳೆಯ ಚಿತ್ರಕ್ಕೆ ಒಂದೊಂದೇ ಅಂಕ ಒತ್ತಿದ್ದರು. ನಮ್ಮಲ್ಲಿ ನಾಯಕನಟರ ಅಭಿಮಾನಿ ಬಳಗಗಳು ಬಿಡುಗಡೆಯ ದಿನ ಮಾಡುವುದೂ ಇದನ್ನೇ, ಮತ್ತು ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಆದರೆ ತಡೆಯ ಹೆಸರಿನಲ್ಲಿ ವಿಮರ್ಶೆಯ ಬಾಯನ್ನೇ ಕಟ್ಟುವುದು ಸಲ್ಲದು. ಬಿಡುಗಡೆಯಾದ ಮೊದಲ ಮೂರು ದಿನ ವಿಮರ್ಶೆಗಳನ್ನು ನಿಷೇಧಿಸಬೇಕೆಂದು ತಮಿಳು ನಿರ್ಮಾಪಕರು ಕೇಳಿಕೊಂಡಾಗ, 2024ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅಂಥ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ನೋಡಿ ಬಂದವನಿಗೆ ಅದೇ ಸಂಜೆ ಹೇಳುವ ಹಕ್ಕಿರಬೇಕು, ನೋಡದವನಿಗೆ ಇರಬಾರದು; ಟಿಕೆಟ್‌ಗೂ ಅಂಕಕ್ಕೂ ಗಂಟು ಹಾಕುವ ದಾರಿಯೇ ನನಗೆ ನ್ಯಾಯವಾಗಿ ಕಾಣುತ್ತದೆ.

ಪ್ರಶ್ನೆ: ಐಎಂಡಿಬಿಯಲ್ಲಿ ಎಂಟಕ್ಕಿಂತ ಹೆಚ್ಚು ಅಂಕವಿದ್ದರೆ ಹತ್ತು ವರ್ಷದ ಮಗನಿಗೆ ತೋರಿಸಬಹುದಲ್ಲವೇ?
– ಗೃಹಿಣಿ, ಹಾವೇರಿ

ಉತ್ತರ: ಇಲ್ಲ, ತಾಯಿ. ಅಂಕಕ್ಕೂ ವಯಸ್ಸಿಗೂ ಸಂಬಂಧವಿಲ್ಲ. 2019ರ ‘ಜೋಕರ್’ಗೆ ಅಲ್ಲಿ ಎಂಟಕ್ಕಿಂತ ಹೆಚ್ಚೇ ಅಂಕವಿದೆ, ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯೂ ಬಂದಿದೆ, ಆದರೆ ನಮ್ಮ ಸೆನ್ಸಾರ್ ಮಂಡಳಿ ಅದಕ್ಕೆ ಕೊಟ್ಟದ್ದು ವಯಸ್ಕರ ‘ಎ’ ಪ್ರಮಾಣಪತ್ರ. ಪಾಲಕರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಚಿತ್ರಗಳಿಗೆ ಹಿಂದೆ ‘ಯುಎ’ ಎಂದಷ್ಟೇ ಇರುತ್ತಿತ್ತು. 2024ರ ಹೊಸ ನಿಯಮಗಳ ಪ್ರಕಾರ ಅದನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಟಿಕೆಟ್ ಕೊಳ್ಳುವ ಮುಂಚೆ ಆ ಸಂಖ್ಯೆಯನ್ನು ನೋಡಿ. ಜೊತೆಗೆ ಐಎಂಡಿಬಿಯ ಪ್ರತಿ ಚಿತ್ರದ ಪುಟದಲ್ಲಿ ಪಾಲಕರಿಗಾಗಿಯೇ ಒಂದು ವಿಭಾಗವಿದ್ದು, ಹೊಡೆದಾಟ, ರಕ್ತಪಾತ, ಹೆದರಿಸುವ ದೃಶ್ಯಗಳ ವಿವರ ಅಲ್ಲಿ ಸಿಗುತ್ತದೆ. ನಿಮ್ಮ ಮಗನಿಗೆ ಆ ವಿಭಾಗವೇ ಉಪಯುಕ್ತ.

ಪ್ರಶ್ನೆ: ನಮ್ಮೂರಲ್ಲಿ ಇಂಥ ಸಿನಿಮಾಗಳನ್ನು ಕನ್ನಡದ ಮಾತಿನಲ್ಲಿ ನೋಡುವವರ ಅಭಿಪ್ರಾಯ ಈ ಅಂಕಗಳಲ್ಲಿ ಸೇರುತ್ತದೆಯೇ?
– ಒಬ್ಬ ಓದುಗರು, ರಾಣೇಬೆನ್ನೂರು

ಉತ್ತರ: ನೀವು ಅಂಕ ಒತ್ತಿದರೆ ಐಎಂಡಿಬಿಯಲ್ಲಿ ಅದು ಸೇರುತ್ತದೆ, ಆದರೆ ಕನ್ನಡದಲ್ಲಿ ನೋಡಿದ್ದೆಂಬ ಗುರುತು ಉಳಿಯುವುದಿಲ್ಲ. ಒಂದು ಚಿತ್ರಕ್ಕೆ ಅಲ್ಲಿ ಒಂದೇ ಪುಟ, ಒಂದೇ ಅಂಕ. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು, ಹತ್ತರಲ್ಲಿ ಯಾವ ಭಾಷೆಯ ಸಂಭಾಷಣೆ ಹೃದಯಕ್ಕೆ ತಾಗಿತು, ಯಾವುದು ತುಟಿಗೂ ಮಾತಿಗೂ ತಾಳೆಯಾಗದೆ ಸೋತಿತು ಎಂಬುದು ಆ ಒಂದು ಸಂಖ್ಯೆಯಿಂದ ತಿಳಿಯುವುದಿಲ್ಲ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬರದಂತೆ ಚಿತ್ರರಂಗವೇ ಅಡ್ಡ ನಿಂತಿತ್ತು; 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದು ಹೇಳಿದ ಬಳಿಕವೇ ದಾರಿ ತೆರೆದುಕೊಂಡದ್ದು. ಅಷ್ಟು ತಡವಾಗಿ ಸಿಕ್ಕಿದ್ದರ ಗುಣವನ್ನು ನಾವೇ ತೂಗಿ ನೋಡದಿದ್ದರೆ ಬೇರೆ ಯಾರೂ ನೋಡುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಕನ್ನಡಕ್ಕೆ ಡಬ್ ಆದ ಇಂಥದೊಂದು ಚಿತ್ರವನ್ನು ನೋಡಲು ಹೊರಟಾಗ ದಿನಕ್ಕೆ ಒಂದೇ ಆಟ, ಅದೂ ಬೆಳಗಿನ ಹೊತ್ತು. ಸಂಭಾಷಣೆಯಲ್ಲಿ ಚುರುಕಿತ್ತು, ಆದರೆ ಮಕ್ಕಳು ಮನೆಯಲ್ಲಿ ಆಡದ, ಪಠ್ಯಪುಸ್ತಕದಿಂದ ಎತ್ತಿಟ್ಟಂಥ ಮಾತುಗಳೂ ಸಾಕಷ್ಟಿದ್ದವು. ಇದನ್ನು ಎಷ್ಟು ನಕ್ಷತ್ರ ಒತ್ತಿ ತಿಳಿಸಲಿ? ನೀವು ನೋಡಿದಾಗ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ: ಯಾವ ಭಾಷೆಯಲ್ಲಿ ನೋಡಿದಿರಿ, ಯಾವ ಪಾತ್ರದ ದನಿ ಹೊಂದಿತು, ಯಾವ ಮಾತು ಕೃತಕವೆನಿಸಿತು, ನಿಮ್ಮೂರಲ್ಲಿ ಎಷ್ಟು ಆಟಗಳಿದ್ದವು. ಅದರ ಪ್ರತಿಯನ್ನು ಈ ಅಂಕಣಕ್ಕೂ ಕಳಿಸಿದರೆ ಪ್ರಕಟಿಸುತ್ತೇನೆ.