ಚೀಟಿ ಎತ್ತಿದರೆ ಸತ್ಯ ಸಿಗುತ್ತಾ?

ಪ್ರಶ್ನೆ: ಗೋಧಿ ಬೆಳೆಯ ಸಂಶೋಧನೆ ಇರಲಿ, ಬಡವರಿಗೆ ಹಣ ಕೊಡುವ ಯೋಜನೆಯ ಅಧ್ಯಯನ ಇರಲಿ, ಔಷಧಿಯ ಪರೀಕ್ಷೆ ಇರಲಿ, ಎಲ್ಲದರಲ್ಲೂ ‘ರ್‍ಯಾಂಡಮ್ ಆಗಿ ಆಯ್ಕೆ ಮಾಡಲಾಯಿತು’ ಅಂತ ಇರುತ್ತದೆ. ತಿಳಿದವರು ಯೋಚಿಸಿ ಆರಿಸಬೇಕಲ್ವಾ? ಸುಮ್ನೆ ಚೀಟಿ ಎತ್ತೋದು ಯಾಕೆ?

ಉತ್ತರ: ಯೋಚಿಸಿ ಆರಿಸಿದರೆ ನಮ್ಮ ಆಸೆಯೂ ಅದರೊಳಗೆ ನುಸುಳಿಬಿಡುತ್ತದೆ, ಅದಕ್ಕೆ. ಈ ಪದ್ಧತಿ ಗಟ್ಟಿಯಾಗಿದ್ದು ಹೊಲದಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದಲೇ ಗೋಧಿಗೆ ಬೇರೆ ಬೇರೆ ಗೊಬ್ಬರ ಹಾಕಿ ಇಳುವರಿ ಬರೆದಿಡುತ್ತಿದ್ದರು. 1919ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅಲ್ಲಿಗೆ ಕೆಲಸಕ್ಕೆ ಸೇರಿ ಆ ಹಳೆಯ ಲೆಕ್ಕಗಳನ್ನು ಜಾಲಾಡಿದರು. ಒಂದೇ ಹೊಲದಲ್ಲೂ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಕಡೆ ಮಣ್ಣಿನ ಕಸುವು ಜಾಸ್ತಿ ಇರುತ್ತದೆ. ಹೊಸ ಗೊಬ್ಬರ ಆ ಕಸುವಿನ ಕಡೆಗೇ ಬಿದ್ದರೆ ಹೆಚ್ಚಿಗೆ ಬಂದ ಕಾಳು ಗೊಬ್ಬರದ್ದೋ ಮಣ್ಣಿನದ್ದೋ ಹೇಳೋದು ಹೇಗೆ? ಹೊಲವನ್ನು ಸಣ್ಣ ತಾಕುಗಳಾಗಿ ಮಾಡಿ, ಯಾವ ತಾಕಿಗೆ ಯಾವ ಗೊಬ್ಬರ ಅನ್ನೋದನ್ನು ಅದೃಷ್ಟಕ್ಕೆ ಬಿಡಬೇಕು ಅಂದರು ಫಿಶರ್. ಹಾಗೆ ಮಾಡಿದರೆ ಎರಡೂ ಕಡೆ ಪೂರ್ತಿ ಸಮ ಆಗಿಬಿಡುತ್ತದೆ ಅಂತಲ್ಲ. ಆದರೆ ಬರೀ ಅದೃಷ್ಟದಿಂದ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಲೆಕ್ಕ ಹಾಕಲು ಬರುತ್ತದೆ. ನನಗೆ ದೊಡ್ಡದಾಗಿ ಕಾಣೋದು ಇದೇ.

ಅಲ್ಲಿಂದ ಇದು ಆಸ್ಪತ್ರೆಗೆ ಬಂತು. ಬ್ರಿಟನ್ನಿನಲ್ಲಿ 1948ರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಅನ್ನೋ ಔಷಧಿ ಕೊಟ್ಟು ನೋಡಿದ ಫಲಿತಾಂಶ ಪ್ರಕಟವಾಯಿತು. ರೋಗಿಗಳು 15ರಿಂದ 30 ವರ್ಷದೊಳಗಿನವರು. ಔಷಧಿ ಪಡೆದ 55 ಜನರಲ್ಲಿ ಆರು ತಿಂಗಳಲ್ಲಿ 4 ಜನ ತೀರಿಕೊಂಡರು. ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಜನ.

ಪ್ರಶ್ನೆ: ರೋಗಿಗಳದ್ದು ಸರಿ. ಆದರೆ ಬಡವರಿಗೆ ಹಣ ಕೊಡುವಾಗಲೂ ಚೀಟಿಯಾ? ಸಿಗದವರ ಹೊಟ್ಟೆ ಉರಿಯಲ್ವಾ?

ಉತ್ತರ: ಉರಿಯುತ್ತದೆ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮೆಕ್ಸಿಕೋದಲ್ಲಿ 1997ರಲ್ಲಿ ಪ್ರೊಗ್ರೆಸಾ ಅನ್ನೋ ಯೋಜನೆ ಶುರುವಾಯಿತು. ಮಕ್ಕಳನ್ನು ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಕಳಿಸುವ ಬಡ ತಾಯಂದಿರಿಗೆ ಹಣ. ಅಧ್ಯಯನಕ್ಕೆ ತೆಗೆದುಕೊಂಡ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, ಉಳಿದ 186ಕ್ಕೆ ಆಮೇಲೆ. ಒಂದೇ ಸಲ ಎಲ್ಲರಿಗೂ ತಲುಪಿಸಲು ಆಗದಿದ್ದಾಗ ಯಾರಾದರೂ ಕಾಯಲೇಬೇಕು. ಆ ಸರದಿಯನ್ನು ಶಿಫಾರಸು ತೀರ್ಮಾನಿಸುವುದಕ್ಕಿಂತ ಚೀಟಿ ತೀರ್ಮಾನಿಸಲಿ ಅನ್ನುವವನು ನಾನು. ಫಲ ಏನು ಗೊತ್ತಾ? ಪ್ರಾಥಮಿಕ ಮುಗಿಸಿ ಮುಂದಿನ ಶಾಲೆಗೆ ಸೇರುವವರು ಹೆಚ್ಚಾದರು, ಅದರಲ್ಲೂ ಹುಡುಗಿಯರು.

ಹಾಗಂತ ಎಲ್ಲದಕ್ಕೂ ಚೀಟಿ ಇಲ್ಲ. ಅರ್ಧ ಮಕ್ಕಳಿಗೆ ಸಿಗರೇಟು ಸೇದಿಸಿ ನೋಡೋಣ ಅನ್ನೋಕೆ ಯಾರಿಗೂ ಹಕ್ಕಿಲ್ಲ.

ಪ್ರಶ್ನೆ: ಇನ್ನೊಂದು ಅಧ್ಯಯನದ ವಿಷಯ ಕೇಳ್ತೀನಿ. ಶಾಲೆ ತಡವಾಗಿ ಶುರುವಾದರೆ ಹದಿಹರೆಯದವರು ಇನ್ನೂ ತಡವಾಗಿ ಮಲಗುತ್ತಾರೆ ಅಷ್ಟೇ, ಅಲ್ವಾ?

ಉತ್ತರ: ಹಾಗೆ ಆಗಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 2016ರಲ್ಲಿ ಹೈಸ್ಕೂಲಿನ ಸಮಯ 7:50ರಿಂದ 8:45ಕ್ಕೆ ಹೋಯಿತು. ಎರಡು ಶಾಲೆಗಳ ಮಕ್ಕಳ ಕೈಗೆ ಸಾಧನ ಕಟ್ಟಿ ಅಳೆದಾಗ ನಿದ್ದೆ ಸುಮಾರು 34 ನಿಮಿಷ ಹೆಚ್ಚಾಗಿತ್ತು. ಆದರೆ ಇಲ್ಲಿ ಚೀಟಿ ಇರಲಿಲ್ಲ. ಬದಲಾವಣೆಗೆ ಮುಂಚಿನ ಮಕ್ಕಳೇ ಬೇರೆ, ಆಮೇಲಿನ ಮಕ್ಕಳೇ ಬೇರೆ. ಹಾಗಾಗಿ ಇದನ್ನು ಕ್ಷಯದ ಪರೀಕ್ಷೆಯಷ್ಟು ಗಟ್ಟಿ ಅನ್ನಲಾರೆ. ಆದರೂ ನಾನು ತಡ ಶಾಲೆಯ ಕಡೆಗೇ ಇದ್ದೇನೆ, ಯಾಕಂದ್ರೆ ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ ಅನ್ನೋದು ಬೇರೆ ಅಧ್ಯಯನಗಳಿಂದ ಗೊತ್ತಾಗಿದೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2014ರಲ್ಲೇ 8:30ಕ್ಕಿಂತ ಮುಂಚೆ ಬೇಡ ಅಂದಿತ್ತು. ನಿಮ್ಮ ಮಗ ಬೆಳಗ್ಗೆ ಏಳದಿದ್ದರೆ ಸೋಮಾರಿ ಅನ್ನುವ ಮೊದಲು ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಹತ್ತುತ್ತದೆ ಅಂತ ಕೇಳಿ ನೋಡಿ.